ನಲವತ್ತಮೂರಕ್ಕೆ ಟೆಸ್ಟರ್ ಹಿಡಿದೆ

ಮೆಡಿಕಲ್ ರೆಪ್ ಕೆಲಸ ಬಿಟ್ಟು ಎಲೆಕ್ಟ್ರಿಷಿಯನ್ ಆಗಿದ್ದೀನಿ ಅಂದ್ರೆ ಹಾಸನದಲ್ಲಿ ಪರಿಚಯದೋರು ಮೊದಲು ಕೇಳೋದು "ಯಾಕೆ, ಕಂಪನಿಯಲ್ಲಿ ಏನಾದ್ರೂ ತೊಂದ್ರೆ ಆಯ್ತಾ?" ಅಂತ. ತೊಂದ್ರೆ ಆಗಿದ್ದು ನಿಜ, ಹಾಸನದ ಹೆಡ್‌ಕ್ವಾರ್ಟರ್ ಮುಚ್ಚಿ ಮೈಸೂರಿಗೆ ಸೇರಿಸ್ತೀವಿ ಅಂದ್ರು, ಮೈಸೂರಿಗೆ ಹೋಗಬೇಕು ಇಲ್ಲ ಬಿಡಬೇಕು. ಆದ್ರೆ ಅದೊಂದೇ ಕಾರಣ ಅಂದ್ರೆ ಪೂರ್ತಿ ಹೇಳಿದ ಹಾಗಾಗಲ್ಲ. ಬೇರೆ ಕಂಪನಿ ಸಿಗ್ತಿತ್ತು, ಸ್ಟಾಕಿಸ್ಟ್‌ಗಳೇ ಇಬ್ಬರು ಮೂವರು ಹೇಳಿದ್ರು, ಬನ್ನಿ ಮಾತಾಡಿಸ್ತೀವಿ ಅಂತ. ನಾನೇ ಬೇಡ ಅಂದೆ.

ಹದಿನೈದು ವರ್ಷದ ಮೇಲೆ ಬ್ಯಾಗ್ ಹಿಡ್ಕೊಂಡು ಹಾಸನ, ಬೇಲೂರು, ಸಕಲೇಶಪುರ, ಅರಸೀಕೆರೆ, ಚನ್ನರಾಯಪಟ್ಟಣ, ಚಿಕ್ಕಮಗಳೂರು ಅಂತ ತಿರುಗಿದ್ದೀನಿ. ಹೆಚ್ಚಾಗಿ ಬಿಪಿ, ಹೃದಯದ ಮಾತ್ರೆಗಳು. ಒಳ್ಳೆ ಔಷಧಿಗಳೇ, ಕೆಟ್ಟದ್ದು ಮಾರಿದೆ ಅಂತ ನಾನು ಹೇಳಲ್ಲ. ಆದ್ರೆ ಡಾಕ್ಟರ್ ಮುಂದೆ ಎರಡು ನಿಮಿಷ ನಿಂತು ನಾನು ಹೇಳಿದ ಮಾತಿಂದ ಯಾರಿಗೆ ಏನಾಯ್ತು ಅನ್ನೋದು ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ, ತಿಂಗಳ ಕೊನೆಗೆ ಸೇಲ್ಸ್ ಎಷ್ಟು ಅನ್ನೋದು ಮಾತ್ರ ಗೊತ್ತಾಗ್ತಿತ್ತು. ಆ ಬಾಕ್ಸ್ ತಗೊಂಡೋರಲ್ಲಿ ಯಾರು ಚೆನ್ನಾಗಿದ್ದಾರೆ, ಯಾರಿಗೆ ಅದರ ಅವಶ್ಯಕತೆನೇ ಇರ್ಲಿಲ್ಲ, ಇದೆಲ್ಲ ನನ್ನ ಕಣ್ಣಿಗೆ ಬೀಳ್ತಿರಲಿಲ್ಲ. ವಯಸ್ಸು ನಲವತ್ತು ದಾಟಿದ ಮೇಲೆ ಇದು ಒಳಗೊಳಗೇ ಕೊರೆಯೋಕೆ ಶುರುವಾಯ್ತು. ನಾನು ಹೇಳಿದ್ದು ನಿಜನಾ ಅಂತ ನಾನೇ ಅಲ್ಲೇ ನೋಡೋ ಹಾಗಿರೋ ಕೆಲಸ ಒಂದು ಬೇಕು ಅನ್ನಿಸ್ತಿತ್ತು.

ಕರೆಂಟ್ ಕೆಲಸದ ಮೇಲೆ ಆಸೆ ಮೊದಲಿಂದ್ಲೂ ಇತ್ತು. ಬಿಎಸ್ಸಿ ಓದುವಾಗ ಫಿಸಿಕ್ಸ್ ಲ್ಯಾಬಲ್ಲಿ ಎಲ್ಲರೂ ಹೋದ ಮೇಲೂ ಕೂತಿರ್ತಿದ್ದೆ. ಆಮೇಲೆ ಮದುವೆ, ಮಕ್ಕಳು, ಸೈಟಿನ ಸಾಲ, ಆ ಆಸೆ ಮನೆಯ ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡೋ ಮಟ್ಟಕ್ಕೆ ಬಂದು ನಿಂತಿತ್ತು.

ಎಲ್ಲಿ ಕಲಿಯೋದು ಅನ್ನೋದು ದೊಡ್ಡ ಪ್ರಶ್ನೆ. ಐಟಿಐಗೆ ಸೇರೋಕೆ ವಯಸ್ಸಿನ ಮೇಲ್ಮಿತಿ ಇಲ್ಲ, ಆದ್ರೆ ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷ, ಎರಡು ವರ್ಷ ದುಡಿಮೆ ಬಿಟ್ಟು ಕೂರೋಕೆ ನನ್ನ ಕೈಲಿ ಆಗ್ತಿರಲಿಲ್ಲ. ಉಜಿರೆಯ ರುಡ್‌ಸೆಟ್ ಬಗ್ಗೆ ನಮ್ಮ ಭಾವ ಹೇಳಿದ್ದು. 1982ರಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಶುರು ಮಾಡಿದ ಸಂಸ್ಥೆ ಅದು, ಇವತ್ತು ದೇಶದ ಜಿಲ್ಲೆ ಜಿಲ್ಲೆಯಲ್ಲಿ ಇರೋ ಆರ್‌ಸೆಟಿ ಅನ್ನೋ ಸ್ವಉದ್ಯೋಗ ತರಬೇತಿ ಕೇಂದ್ರಗಳಿಗೆಲ್ಲ ಅದೇ ಮಾದರಿ. ಊಟ, ವಸತಿ, ಪಾಠ ಎಲ್ಲ ಉಚಿತ. 18ರಿಂದ 45 ವರ್ಷದೊಳಗೆ ಇರಬೇಕು ಅಂತ ಇತ್ತು, ನನಗೆ ನಲವತ್ತಮೂರು. ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಬಸ್ಸಲ್ಲಿ ಇದ್ದ ಭಯ ಹೇಳತೀರದು. ಹಾಸ್ಟೆಲಲ್ಲಿ ಇದ್ದೋರೆಲ್ಲ ಇಪ್ಪತ್ತರ ಹುಡುಗ್ರು. ಬೆಳಿಗ್ಗೆ ಬೇಗ ಎದ್ದು ಅಂಗಳ ಗುಡಿಸಿ, ಪ್ರಾರ್ಥನೆ ಮಾಡಿ, ಆಮೇಲೆ ಮರದ ಹಲಗೆ ಮೇಲೆ ಸ್ವಿಚ್ಚು ಹೋಲ್ಡರ್ ಕೂರಿಸೋದು. ನನಗೆ ಅಲ್ಲಿ ಸಿಕ್ಕಿದ್ದು ಅಕ್ಷರಾಭ್ಯಾಸ. ಅಷ್ಟೇ ಸಾಕಾಗಲ್ಲ ಅಂತ ಅಲ್ಲಿನ ಮೇಷ್ಟ್ರೇ ಹೇಳಿ ಕಳಿಸಿದ್ರು, ಯಾರ ಹಿಂದಾದ್ರೂ ವರ್ಷಗಟ್ಲೆ ಏಣಿ ಹಿಡೀರಿ ಅಂತ.

ಹಿಡಿದೆ. ಹಾಸನದಲ್ಲಿ ಲೈಸೆನ್ಸ್ ಇರೋ ಒಬ್ಬ ಗುತ್ತಿಗೆದಾರರ ಹತ್ರ ಕೆಲಸ ಮಾಡ್ತಿದ್ದ ಹುಡುಗ ನನ್ನ ಗುರು. ನನಗಿಂತ ಹದಿನೈದು ವರ್ಷ ಚಿಕ್ಕೋನು. ನನ್ನನ್ನ ‘ಅಣ್ಣ’ ಅಂತಿದ್ದ, ನಾನು ಅವನನ್ನ ‘ನೀವು’ ಅಂತಿದ್ದೆ. "ಅಣ್ಣ, ದಯವಿಟ್ಟು ನೀವು ಗೀವು ಅನ್ಬೇಡಿ, ಎಲ್ರೂ ನೋಡ್ತಾರೆ" ಅಂತ ಮುಜುಗರ ಪಡೋನು. ನಾನು ಬಿಡಲಿಲ್ಲ, ಏಣಿ ಕೆಳಗೆ ನಿಂತಿರುವಾಗ ಮೇಲೆ ಇರೋನು ಗುರುವೇ ತಾನೇ. ಇವತ್ತಿಗೂ ಹಾಗೇ ಕರೀತೀನಿ.

ಅವನು ಕಲಿಸಿದ ಮೊದಲ ಪಾಠ ಇವತ್ತಿಗೂ ದಿನಾ ಮಾಡ್ತೀನಿ, ಬರೆದುಬಿಡ್ತೀನಿ ಯಾರಿಗಾದ್ರೂ ಉಪಯೋಗ ಆಗಬಹುದು. ಕರೆಂಟ್ ಆಫ್ ಮಾಡಿದ ಮೇಲೆ ವೈರ್ ಮುಟ್ಟೋಕೆ ಮುಂಚೆ ಟೆಸ್ಟರನ್ನ ಮೊದಲು ಕರೆಂಟ್ ಇರೋ ಬೇರೆ ಸಾಕೆಟ್ಟಿಗೆ ಹಾಕಿ ಅದು ಉರೀತಾ ಇದೆಯಾ ನೋಡ್ಬೇಕು, ಆಮೇಲೆ ಕೆಲಸದ ಜಾಗಕ್ಕೆ ಹಾಕಿ ಉರಿಯಲ್ಲ ಅಂತ ನೋಡ್ಬೇಕು, ಮತ್ತೆ ವಾಪಸ್ ಆ ಬೇರೆ ಸಾಕೆಟ್ಟಿಗೆ ಹಾಕಿ ಇನ್ನೂ ಉರೀತಾ ಇದೆಯಾ ನೋಡ್ಬೇಕು. ಯಾಕಂದ್ರೆ ನಡುವೆ ಟೆಸ್ಟರೇ ಕೆಟ್ಟಿದ್ರೆ? ಇನ್ನೊಂದು, ಹಳೇ ಮನೆಗಳಲ್ಲಿ ಪಿಂಗಾಣಿ ಫ್ಯೂಸ್ ಇರುತ್ತಲ್ಲ, ಅದನ್ನ ಕಿತ್ತು ಮೀಟರ್ ಬೋರ್ಡ್ ಮೇಲೆ ಇಡಬಾರದು, ಜೇಬಿಗೆ ಹಾಕ್ಕೋಬೇಕು. ಮನೆಯೋರು ಯಾರೋ ಬಂದು, ಅಯ್ಯೋ ಫ್ಯೂಸ್ ಬಿದ್ದೋಗಿದೆ ಅಂತ ಹಾಕಿಬಿಟ್ರೆ ಏಣಿ ಮೇಲೆ ಇರೋನ ಕಥೆ ಏನು. ಅವನ ಪ್ಯಾಂಟಿನ ಜೇಬು ಯಾವಾಗ್ಲೂ ಫ್ಯೂಸಿನ ಭಾರಕ್ಕೆ ಜೋತುಬಿದ್ದಿರ್ತಿತ್ತು.

ಮೈಗೆ ಕಷ್ಟ ಆಯ್ತು, ಇಲ್ಲ ಅನ್ನಲ್ಲ. ಗೋಡೆ ಕಟಿಂಗ್ ಮೆಷಿನ್ನಿನ ಧೂಳು, ಸ್ಲ್ಯಾಬ್ ಕಾಂಕ್ರೀಟಿಗೆ ಮುಂಚೆ ಬಿಸಿಲಲ್ಲಿ ಕಂಬಿ ಮೇಲೆ ನಿಂತು ಪೈಪ್ ಕಟ್ಟೋದು, ಮೊಣಕಾಲು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಚಾಳೀಸು. ಕೈಯಳತೆ ದೂರದ್ದು ಕಾಣ್ಸುತ್ತೆ, ಬಾಕ್ಸ್ ಒಳಗೆ ಮುಖ ಇಟ್ಟು ನೋಡಬೇಕಾದ ಎಳೆ ಕಾಣ್ಸಲ್ಲ. ಫ್ಯಾನ್ ಹುಕ್ಕಿನ ಹತ್ರ ಕತ್ತೆತ್ತಿ ನೋಡಿದ್ರೆ ಬೈಫೋಕಲ್ಲಿನ ಓದೋ ಭಾಗ ಕೆಳಗಡೆ ಇರುತ್ತೆ, ನೋಡಬೇಕಾದ್ದು ಮೇಲೆ ಇರುತ್ತೆ. ಕೊನೆಗೆ ಅಷ್ಟೂ ಹತ್ತಿರದ ಪವರ್ ಇರೋ ಇನ್ನೊಂದು ಕನ್ನಡಕ ಮಾಡಿಸಿ ದಾರ ಕಟ್ಟಿ ಕತ್ತಿಗೆ ಹಾಕ್ಕೊಂಡೆ. ನಲವತ್ತು ದಾಟಿ ಈ ಕೆಲಸಕ್ಕೆ ಬರೋರು ಮೊದಲು ಕಣ್ಣಿನ ಡಾಕ್ಟರ್ ಹತ್ರ ಹೋಗಿ, ಏಣಿ ಮೇಲೆ ಎಷ್ಟು ದೂರ ನೋಡಬೇಕು ಅಂತ ವಿವರವಾಗಿ ಹೇಳಿ ಮಾಡಿಸ್ಕೊಳ್ಳಿ.

ಇನ್ನು ಹೃದಯದ ಮಾತ್ರೆ ಮಾರ್ತಿದ್ದ ನನ್ನ ತಲೆಗೆ ಈ ಕೆಲಸ ಯಾಕೆ ಇಷ್ಟು ಹತ್ತಿರ ಆಯ್ತು ಅಂತ ಹೇಳ್ಬೇಕು. ಜನ ಶಾಕ್ ಅಂದ್ರೆ ಸುಟ್ಟುಹೋಗೋದು ಅಂದ್ಕೊಂಡಿದ್ದಾರೆ. ಮನೆ ಕರೆಂಟ್ ಕೊಲ್ಲೋದು ಹೆಚ್ಚಾಗಿ ಹಾಗಲ್ಲ. ನಮ್ಮ ಮನೆಗೆ ಬರೋದು 230 ವೋಲ್ಟು, ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗೋ ಕರೆಂಟು. ಒಂದು ಮಿಲಿ ಆಂಪಿಯರ್ ಮೈಯಲ್ಲಿ ಹರಿದ್ರೆ ಜುಮ್ ಅನ್ನುತ್ತೆ. ಹತ್ತರ ಆಸುಪಾಸಿಗೆ ಹೋದ್ರೆ ಕೈ ಮಾಂಸಖಂಡ ಬಿಗಿದು ಹಿಡಿದದ್ದನ್ನ ಬಿಡೋಕೆ ಆಗಲ್ಲ. ಅದಕ್ಕಿಂತ ಮೇಲೆ ಹೋಗಿ ಮೂವತ್ತು ದಾಟಿ ಸ್ವಲ್ಪ ಹೊತ್ತು ಹರಿದ್ರೆ ಹೃದಯದ ಕೆಳಗಿನ ಕೋಣೆಗಳು ತಾಳ ತಪ್ಪಿ ಸುಮ್ನೆ ಅದುರೋಕೆ ಶುರುವಾಗಬಹುದು, ರಕ್ತ ಪಂಪ್ ಆಗಲ್ಲ. ಡಾಕ್ಟರ್‌ಗಳ ಹತ್ರ ಇದೇ ಅದುರಾಟದ ಬಗ್ಗೆ ಎಷ್ಟು ಸಲ ಮಾತಾಡಿದ್ದೆನೋ.

ಈಗ ಲೆಕ್ಕ ಹಾಕಿ. ಒದ್ದೆ ಕಾಲಲ್ಲಿ ನಿಂತೋರ ಮೈ ಸುಮಾರು ಸಾವಿರದಿಂದ ಎರಡು ಸಾವಿರ ಓಮ್ ಅಂತ ಇಟ್ಕೊಂಡ್ರೆ 230 ವೋಲ್ಟಿಗೆ ನೂರು ಇನ್ನೂರು ಮಿಲಿ ಆಂಪಿಯರ್ ಹರಿಯುತ್ತೆ. ಪ್ರಾಣ ಹೋಗೋಕೆ ಬೇಕಾದಷ್ಟಾಯ್ತು. ಆದ್ರೆ ಮನೆಯಲ್ಲಿರೋ 16 ಆಂಪಿಯರ್ ಎಂಸಿಬಿ, ಅಂದ್ರೆ ಲೋಡ್ ಹೆಚ್ಚಾದ್ರೆ ತಾನೇ ಬೀಳೋ ಸ್ವಿಚ್ಚು, ಬೀಳೋಕೆ 16,000 ಮಿಲಿ ಆಂಪಿಯರ್ ದಾಟಬೇಕು. ಮನುಷ್ಯ ಒದ್ದಾಡ್ತಿದ್ರೂ ಅದಕ್ಕೆ ಗೊತ್ತೇ ಆಗಲ್ಲ, ಅದು ಇರೋದು ವೈರ್ ಸುಡದೇ ಇರಲಿ ಅಂತ. "ನಮ್ಮನೇಲಿ ಎಂಸಿಬಿ ಇದೆ ಬಿಡ್ರಿ" ಅಂತ ಧೈರ್ಯವಾಗಿ ಹೇಳೋ ಪ್ರತಿಯೊಬ್ಬರಿಗೂ ನಾನು ಇಷ್ಟನ್ನ ಕೂತು ಹೇಳ್ತೀನಿ, ಟೈಮ್ ಎಷ್ಟೇ ಹೋಗ್ಲಿ. ಮನುಷ್ಯರನ್ನ ಕಾಯೋದು ಆರ್‌ಸಿಸಿಬಿ ಅನ್ನೋ ಇನ್ನೊಂದು ಸ್ವಿಚ್ಚು. ಫೇಸಲ್ಲಿ ಹೋದ ಕರೆಂಟು ನ್ಯೂಟ್ರಲ್ಲಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ಸದಾ ಲೆಕ್ಕ ನೋಡ್ತಿರುತ್ತೆ, 30 ಮಿಲಿ ಆಂಪಿಯರ್ ಅಂತ ಬರೆದಿರೋದು ತಗೊಂಡ್ರೆ ಅಷ್ಟು ಕರೆಂಟು ಎಲ್ಲೋ ಬೇರೆ ದಾರಿ ಹಿಡೀತು ಅಂದ ತಕ್ಷಣ ಒಂದು ಸೆಕೆಂಡಿನ ಸಣ್ಣ ಭಾಗದಲ್ಲಿ ಕಟ್ ಮಾಡುತ್ತೆ. ಎರಡು ಸಾವಿರದ ಆಸುಪಾಸಿನ ವಸ್ತು. ಲಕ್ಷಗಟ್ಟಲೆ ಹಾಕಿ ಗೇಟಿಗೆ ಗ್ರಾನೈಟ್ ಕಂಬ ನಿಲ್ಲಿಸೋರು ಇದು ಬೇಡ ಅಂದಾಗ ನನಗೆ ಹೊಟ್ಟೆ ಉರಿಯುತ್ತೆ.

ಆಲೂರು ಕಡೆ ಒಂದು ಹಳ್ಳಿ ಮನೆಗೆ ಹೋದದ್ದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ. ಹಳೇ ಹೆಂಚಿನ ಮನೆ, ಹಿಂದುಗಡೆ ಹೊಸದಾಗಿ ಟೈಲ್ಸ್ ಹಾಕಿದ ಬಚ್ಚಲುಮನೆ. ಫೋನ್ ಮಾಡಿದ್ದು ಫ್ಯಾನ್ ತಿರುಗಲ್ಲ ಅಂತ. ಫ್ಯಾನಿನ ಕಂಡೆನ್ಸರ್ ಬದಲಾಯಿಸಿ, ಕೈ ತೊಳೆಯೋಕೆ ಬಚ್ಚಲಿಗೆ ಹೊರಟೆ, ಅಜ್ಜಿ ತಡೆದ್ರು. "ತಡಿಯಪ್ಪ, ಚಪ್ಲಿ ಹಾಕ್ಕೊ. ಏನಿಲ್ಲ ಕಣಪ್ಪ, ನಲ್ಲಿ ಮುಟ್ಟುದ್ರೆ ವಸಿ ಜುಮ್ ಅಂತದೆ." ಎಷ್ಟು ದಿನದಿಂದ ಅಜ್ಜಿ ಅಂದೆ. "ಮಳೆಗಾಲದಿಂದ್ಲೂ ಹಂಗೇ." ಚಳಿಗಾಲ ಮುಗೀತಾ ಬಂದಿತ್ತು. ಆ ಮನೆಯಲ್ಲಿ ಸ್ಕೂಲಿಗೆ ಹೋಗೋ ಇಬ್ಬರು ಮಕ್ಕಳು ದಿನಾ ಅದೇ ಬಚ್ಚಲಲ್ಲಿ ಸ್ನಾನ ಮಾಡ್ತಿದ್ರು.

ವೋಲ್ಟ್ ಅಳೆಯೋ ಮೀಟರ್ ಹಾಕಿದೆ, ನಲ್ಲಿಗೂ ಒದ್ದೆ ನೆಲಕ್ಕೂ ನಡುವೆ ನೂರರ ಮೇಲೆ ವೋಲ್ಟ್ ತೋರಿಸ್ತು. ಡಿಜಿಟಲ್ ಮೀಟರು ಕೆಲವು ಸಲ ಪಕ್ಕದ ವೈರಿನ ಸೆಳೆತಕ್ಕೂ ಸುಮ್ನೆ ವೋಲ್ಟ್ ತೋರಿಸಿಬಿಡುತ್ತೆ, ಹಾಗಾಗಿ ಅದನ್ನೊಂದೇ ನಂಬಬಾರದು. ಹಿತ್ತಲಲ್ಲಿ ಒಂದು ಕಬ್ಬಿಣದ ಗೂಟ ಹೊಡೆದು, ಸುತ್ತ ನೀರು ಸುರಿದು, ಟೆಸ್ಟ್ ಲ್ಯಾಂಪಿನ ಒಂದು ತುದಿ ಗೂಟಕ್ಕೆ ಒಂದು ತುದಿ ನಲ್ಲಿಗೆ ಇಟ್ಟೆ. ಬಲ್ಬು ಕೆಂಪಗೆ ಹತ್ಕೊಳ್ತು. ನಲ್ಲಿಯ ಕರೆಂಟಲ್ಲಿ ಬಲ್ಬು ಹತ್ತಿದ್ದನ್ನ ಅಂಗಳದಲ್ಲಿ ನಿಂತಿದ್ದ ಎಲ್ಲರೂ ನೋಡಿದ್ರು. ಆಮೇಲೆ ನಾನು ಯಾರಿಗೂ ಏನೂ ಒಪ್ಪಿಸೋ ಅಗತ್ಯ ಬರಲಿಲ್ಲ.

ಕಾರಣ ಹುಡುಕ್ತಾ ಹೋದ್ರೆ ಒಂದರ ಮೇಲೆ ಒಂದು. ಗೀಸರಿನ ಕಾಯಿಲ್ ಒಳಗಡೆ ಸೀಳಿ ಫೇಸು ಗೀಸರಿನ ಲೋಹದ ಮೈಗೆ ಸೋರ್ತಿತ್ತು. ಸ್ವಿಚ್ ಆಫ್ ಮಾಡಿದ್ರೂ ಜುಮ್ ನಿಲ್ತಿರಲಿಲ್ಲ, ಯಾಕಂದ್ರೆ ಯಾರೋ ಸ್ವಿಚ್ಚನ್ನ ನ್ಯೂಟ್ರಲ್ ಮೇಲೆ ಹಾಕಿದ್ರು, ಆಫ್ ಮಾಡಿದಾಗ ನೀರು ಕಾಯೋದು ನಿಲ್ಲುತ್ತೆ ಆದ್ರೆ ಫೇಸು ಗೀಸರಿನ ತನಕ ಬಂದು ಕೂತೇ ಇರುತ್ತೆ. ಅರ್ಥ್ ವೈರನ್ನ ನೀರಿನ ಜಿಐ ಪೈಪಿಗೆ, ಅಂದ್ರೆ ಕಬ್ಬಿಣದ ಪೈಪಿಗೆ, ಸುತ್ತಿದ್ರು. ಹಳೇ ಕಾಲದಲ್ಲಿ ಪೂರ್ತಿ ಜಿಐ ಪೈಪು ನೆಲದೊಳಗೆ ಹೋಗ್ತಿತ್ತು, ಸೋರಿಕೆ ಆ ದಾರಿಯಲ್ಲಿ ಮಣ್ಣಿಗೆ ಇಳಿದು ಹೋಗ್ತಿತ್ತು. ಬಚ್ಚಲು ರಿಪೇರಿ ಮಾಡಿಸಿದಾಗ ನೆಲದ ಪೈಪು ತೆಗೆದು ಪಿವಿಸಿ ಹಾಕಿದ್ರು, ಗೋಡೆಯೊಳಗಿನ ಜಿಐ ಹಾಗೇ ಉಳೀತು. ಪ್ಲಾಸ್ಟಿಕ್ಕಿಗೆ ಕರೆಂಟ್ ಹರಿಯಲ್ಲ, ಮನೆಯ ಅಷ್ಟೂ ನಲ್ಲಿಗಳು ಜೀವ ತುಂಬ್ಕೊಂಡು ಕಾಯ್ತಾ ಕೂತ್ವು. ಪ್ಲಂಬರು ಅವನ ಕೆಲಸ ಸರಿಯಾಗೇ ಮಾಡಿದ್ದ, ನೀರು ಚೆನ್ನಾಗಿ ಬರ್ತಿತ್ತು.

ಅವತ್ತೇ ಗೀಸರ್ ಬಿಚ್ಚಿದೆ. ಸೋರಿಕೆ ಇದೆಯಾ ಅಂತ ನೋಡೋ ಮೆಗ್ಗರ್ ಹಾಕಿದ್ರೆ ಕಾಯಿಲ್ ಸೊನ್ನೆ ಹತ್ರ ತೋರಿಸ್ತು, ಒಂದು ಮೆಗಾ ಓಮಿಗಿಂತ ಮೇಲೆ ಇರಬೇಕಾದ್ದು. ಮಾರನೇ ದಿನ ಗುರುವನ್ನ ಕರ್ಕೊಂಡು ಹೋಗಿ ಗುಂಡಿ ತೆಗೆದು ಎರಡೂವರೆ ಮೀಟರಿನ ಜಿಐ ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿ ಹೊಸ ಅರ್ಥಿಂಗ್ ಮಾಡಿ, ಸ್ವಿಚ್ಚನ್ನ ಫೇಸಿಗೆ ತಿರುಗಿಸಿ, ಮೀಟರ್ ಆದ ಮೇಲೆ ಆರ್‌ಸಿಸಿಬಿ ಕೂರಿಸಿದ್ವಿ. ಬರೀ ಅರ್ಥಿಂಗ್ ಸಾಕಲ್ವಾ ಅಂತ ಮನೆಯ ಯಜಮಾನರು ಕೇಳಿದ್ರು. ಸಾಕಾಗಲ್ಲ ಗೌಡ್ರೇ ಅಂದೆ. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥಿಂಗ್ 20 ಓಮಿಗೆ ಏರಿತು ಅಂತ ಇಟ್ಕೊಳ್ಳಿ, 230ನ್ನ 20ರಿಂದ ಭಾಗಿಸಿದ್ರೆ ಹನ್ನೊಂದೂವರೆ ಆಂಪಿಯರು, 16ರ ಎಂಸಿಬಿ ಬೀಳೋದೇ ಇಲ್ಲ, ಗೀಸರಿನ ಮೈಯಲ್ಲಿ ಕರೆಂಟು ನಿಂತೇ ಇರುತ್ತೆ. ಅವರು ಪಿಯುಸಿ ಓದಿದೋರು, ಕಾಗದದ ಮೇಲೆ ತಾವೇ ಭಾಗಿಸಿ ನೋಡಿ ತಲೆ ಆಡಿಸಿದ್ರು. ಅಜ್ಜಿ ಮಾತ್ರ ಚಪ್ಪಲಿ ಬಿಟ್ಟು ನಲ್ಲಿ ಮುಟ್ಟೋಕೆ ಒಪ್ಪಲಿಲ್ಲ ಅವತ್ತು. ನಾನೇ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ತಿರುಗಿಸಿ ತೋರಿಸ್ದೆ.

ನನಗೆ ಬೇಕಿದ್ದ ಕೆಲಸ ಇದೇ. ಮಾತಾಡೋದನ್ನ ಹಳೇ ಕೆಲಸ ಚೆನ್ನಾಗಿ ಕಲಿಸಿತ್ತು, ಎದುರಿಗಿರೋರ ಅನುಮಾನ ಏನು, ಯಾವಾಗ ಸುಮ್ನಿರಬೇಕು, ಯಾವಾಗ ಹೇಳಬೇಕು ಅಂತೆಲ್ಲ. ಈಗ ಅದೇ ಮಾತನ್ನ ಬಲ್ಬು ಹಚ್ಚಿ, ಮೀಟರ್ ಹಾಕಿ ತೋರಿಸೋಕೆ ಆಗುತ್ತೆ. ಚಿಕ್ಕ ವಯಸ್ಸಿನ ಎಷ್ಟೋ ಹುಡುಗ್ರು ಕೈಕೆಲಸದಲ್ಲಿ ನನಗಿಂತ ಎಷ್ಟೋ ಪಾಲು ಮೇಲು. ಆದ್ರೆ ಯಜಮಾನರು ಬೇಡ ಅಂದ್ರೆ ಅವರು ಸರಿ ಬಿಡಿ ಅಂತ ಬಂದುಬಿಡ್ತಾರೆ. ನಾನು ಕೂತು ಮಾತಾಡ್ತೀನಿ. ತಲೆ ನರೆತೋನು ಹೇಳ್ತಾನೆ ಅಂತ ಹಳ್ಳಿ ಕಡೆ ಸ್ವಲ್ಪ ಕಿವಿಗೊಟ್ಟು ಕೇಳ್ತಾರೆ ಕೂಡ.

ಸಕಲೇಶಪುರದ ಕಡೆ ಮಳೆಗಾಲ ಬಂತಂದ್ರೆ ಜೂನ್‌ನಿಂದ ಆಗಸ್ಟ್ ತನಕ ಮರ ಬೀಳೋದು, ಕಂಬ ಮುರಿಯೋದು, ಮೂರು ನಾಲ್ಕು ದಿನ ಕರೆಂಟ್ ಇಲ್ಲದೇ ಇರೋದು ಎಲ್ಲ ಮಾಮೂಲಿ. ತೋಟದೋರು ಜನರೇಟರ್ ಇಟ್ಕೊಂಡಿರ್ತಾರೆ. ಒಂದು ಮನೇಲಿ ನೋಡ್ದೆ, ಜನರೇಟರಿಂದ ಬಂದ ವೈರಿನ ಎರಡೂ ತುದಿಗೆ ಮೂರು ಪಿನ್ನಿನ ಪ್ಲಗ್. ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಹಾಲಿನ ಸಾಕೆಟ್ಟಿಗೆ ಚುಚ್ಚಿದ್ರೆ ಮನೆಯೆಲ್ಲ ದೀಪ. ಕೈ ತಪ್ಪಿ ಆ ಪ್ಲಗ್ ಕಳಚಿದ್ರೆ ಹೊರಗೆ ಕಾಣೋ ಪಿನ್ನಲ್ಲೇ 230 ವೋಲ್ಟು, ಅದು ಒಂದು ಭಯ. ಅದಕ್ಕಿಂತ ದೊಡ್ಡದು, ಮೇನ್ ಸ್ವಿಚ್ ಆಫ್ ಮಾಡೋದು ಮರೆತ್ರೆ ಆ ಕರೆಂಟು ಮನೆಯಿಂದ ಕಂಬಕ್ಕೆ, ಕಂಬದಿಂದ ಟಿಸಿಗೆ, ಅಂದ್ರೆ ಬೀದಿಯ ಟ್ರಾನ್ಸ್‌ಫಾರ್ಮರಿಗೆ, ಹೋಗುತ್ತೆ. ಟಿಸಿ 11,000 ವೋಲ್ಟನ್ನ ಇಳಿಸಿ ನಮಗೆ ಕೊಡುತ್ತೆ ಅಂತ ಎಲ್ಲರಿಗೂ ಗೊತ್ತು, ಉಲ್ಟಾ ಕಡೆಯಿಂದ ಕೊಟ್ರೆ ಅದೇ ಟಿಸಿ ಏರಿಸುತ್ತೆ ಅನ್ನೋದು ಯಾರ ತಲೆಗೂ ಬಂದಿರಲ್ಲ. ಲೈನ್ ಸತ್ತಿದೆ ಅಂತ ಎಲ್‌ಸಿ, ಅಂದ್ರೆ ಲೈನ್ ಆಫ್ ಮಾಡಿಸಿದ ಅನುಮತಿ, ತಗೊಂಡು ಮಳೆಯಲ್ಲಿ ಕಂಬ ಹತ್ತಿರೋ ಲೈನ್‌ಮನ್ ಕೈಗೆ ಅದು ಸಿಗುತ್ತೆ.

ಆ ಊರಿನ ಲೈನ್‌ಮನ್ ಯಾರು ಗೌಡ್ರೇ ಅಂತ ಕೇಳಿದೆ. ಹೆಸರು ಹೇಳಿದ್ರು, ಅವರದೇ ಪೈಕಿ ಹುಡುಗ, ಹಬ್ಬಕ್ಕೆ ಮನೆಗೆ ಬಂದು ಊಟ ಮಾಡೋನು. ನಾನು ಹೆಚ್ಚೇನೂ ಹೇಳಲಿಲ್ಲ. ಚೇಂಜ್‌ಓವರ್ ಸ್ವಿಚ್ ತರಿಸಿ ಅಂತ ಅವರೇ ಹೇಳಿದ್ರು. ಅದು ಹಾಕಿದ್ರೆ ಮನೆ ಒಂದು ಹೊತ್ತಿಗೆ ಒಂದೇ ಕಡೆಗೆ ಸೇರಿರುತ್ತೆ, ಲೈನಿಗೆ ಇಲ್ಲ ಜನರೇಟರಿಗೆ, ಎರಡಕ್ಕೂ ಒಟ್ಟಿಗೆ ಸೇರೋಕೆ ಆಗೋದೇ ಇಲ್ಲ. ಆ ಎರಡು ಪ್ಲಗ್ಗಿನ ವೈರನ್ನ ಅವರ ಮುಂದೇನೇ ಕತ್ತರಿಸಿ ಹಾಕ್ದೆ. ಯುಪಿಎಸ್ ಇರೋ ಮನೆಗಳಲ್ಲೂ ಇದೇ ಜಾಗ್ರತೆ ಬೇಕು.

ಮಳೆಗಾಲದ ಇನ್ನೊಂದು ಉಪದ್ರ ನ್ಯೂಟ್ರಲ್ ಕಟ್ ಆಗೋದು. ಟಿಸಿ ಹತ್ರ ನ್ಯೂಟ್ರಲ್ ತುಂಡಾದ್ರೆ ಬೀದಿಯ ಮನೆಗಳೆಲ್ಲ ಎರಡು ಫೇಸ್ ನಡುವೆ ಸಿಕ್ಕಿಹಾಕ್ಕೊಂಡು, ಒಂದು ಮನೆಗೆ ನೂರು ವೋಲ್ಟು, ಪಕ್ಕದ ಮನೆಗೆ ಮುನ್ನೂರ ಮೇಲೆ. ಬಲ್ಬು ಇದ್ದಕ್ಕಿದ್ದ ಹಾಗೆ ಹೆಚ್ಚು ಬೆಳಗೋದು, ಫ್ಯಾನ್ ಇದ್ದಕ್ಕಿಂತ ಜೋರಾಗಿ ಓಡೋದು ಕಂಡ್ರೆ ಓಡಿಹೋಗಿ ಮೇನ್ ಆಫ್ ಮಾಡಿ, ಆಮೇಲೆ ವಿದ್ಯುತ್ ನಿಗಮದೋರಿಗೆ ಫೋನ್ ಮಾಡಿ. ಹಾಸನ ಜಿಲ್ಲೆ ಮೈಸೂರಿನ ಚಾಮುಂಡೇಶ್ವರಿ ನಿಗಮಕ್ಕೆ, ಚಿಕ್ಕಮಗಳೂರು ಮಂಗಳೂರಿನ ಮೆಸ್ಕಾಂಗೆ ಸೇರುತ್ತೆ, ಗಡಿಯ ಹಳ್ಳಿಯೋರು ಗಲಿಬಿಲಿ ಆಗೋದುಂಟು. ಮೀಟರಿಂದ ಆಚೆಗೆ ನಾನು ಕೈ ಹಾಕಲ್ಲ, ಎಷ್ಟೇ ಗೋಗರೆದ್ರೂ. ಅದು ಅವರ ಹದ್ದು.

ದುಡ್ಡಿನ ವಿಷಯ ಕೇಳೋರೇ ಹೆಚ್ಚು, ಹೇಳ್ತೀನಿ. ತಿಂಗಳ ಸಂಬಳ ಅಂತ ಇಲ್ಲ. ಹೊಸ ಮನೆ ಕೆಲಸ ಪಾಯಿಂಟ್ ಲೆಕ್ಕದಲ್ಲೋ ಚದರ ಅಡಿ ಲೆಕ್ಕದಲ್ಲೋ ಮಾತಾಡ್ತೀವಿ, ದುಡ್ಡು ಬರೋದು ಪೈಪಿಂಗ್ ಆದಾಗ ಒಂದಿಷ್ಟು, ವೈರ್ ಎಳೆದಾಗ ಒಂದಿಷ್ಟು, ಕೊನೇದು ಗೃಹಪ್ರವೇಶ ಆಗಿ ಎಷ್ಟೋ ದಿನಕ್ಕೆ. ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಮಳೆಗೆ ಕಟ್ಟಡ ಕೆಲಸ ನಿಧಾನ, ಆ ತಿಂಗಳುಗಳು ರಿಪೇರಿ ಮೇಲೆ ನಡೀಬೇಕು. ಹಾಸನಾಂಬೆ ಬಾಗಿಲು ತೆಗೆಯೋ ಹೊತ್ತಿಗೆ ಊರಲ್ಲಿ ದೀಪಾಲಂಕಾರದ ಕೆಲಸ ಸಿಗುತ್ತೆ. ಡಿಸೆಂಬರಿಂದ ಕಾಫಿ ಕುಯ್ಲು, ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮೋಟಾರು, ಸ್ಟಾರ್ಟರು, ಆಮೇಲೆ ಹೂ ಮಳೆಗೆ ಕಾಯದೇ ಸ್ಪ್ರಿಂಕ್ಲರ್ ಹೊಡೆಯೋರ ಪಂಪು. ಒಟ್ಟು ವರ್ಷಕ್ಕೆ ಲೆಕ್ಕ ಹಾಕಿದ್ರೆ ಹಳೇ ಸಂಬಳಕ್ಕೆ ಸ್ವಲ್ಪ ಕಡಿಮೆ ಆಗುತ್ತೆ. ನಮ್ಮ ಮನೆಯವಳು ಖಾಸಗಿ ಶಾಲೆಯಲ್ಲಿ ಟೀಚರ್, ಮೊದಮೊದಲು ಮನೆ ನಡೆದದ್ದು ಅವಳ ಸಂಬಳದಲ್ಲಿ. ನಾನು ಕೆಲಸ ಬಿಡ್ತೀನಿ ಅಂದಾಗ ಅವಳು ಹಾಕಿದ್ದು ಎರಡೇ ಷರತ್ತು, ಮಕ್ಕಳ ಒಂದು ವರ್ಷದ ಫೀಸು ಬ್ಯಾಂಕಲ್ಲಿ ಎತ್ತಿಟ್ಟು ಆಮೇಲೆ ಬಿಡು, ಮತ್ತೆ ವಿಮೆ ಮಾಡಿಸು. ಆರೋಗ್ಯ ವಿಮೆ, ಟರ್ಮ್ ವಿಮೆ ಎರಡೂ ಮಾಡಿಸ್ದೆ. ವರ್ಷಕ್ಕೆ 20 ರೂಪಾಯಿ ಕಟ್ಟಿದ್ರೆ ಅಪಘಾತದಲ್ಲಿ ಪ್ರಾಣ ಹೋದ್ರೆ ಎರಡು ಲಕ್ಷ ಕೊಡೋ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಇದೆ, ನಮ್ಮ ಜೊತೆ ಏಣಿ ಹಿಡಿಯೋ ಎಷ್ಟೋ ಹುಡುಗ್ರು ಅದನ್ನೂ ಮಾಡಿಸಿಲ್ಲ, ನಾನೇ ಇಬ್ಬರನ್ನ ಬ್ಯಾಂಕಿಗೆ ಕರ್ಕೊಂಡು ಹೋಗಿ ಫಾರಂ ಹಾಕಿಸ್ದೆ.

ಇಲ್ಲೂ ಒಂದು ಹಳೇ ಪರಿಚಯದ ವಸ್ತು ಎದುರಾಯ್ತು. ವೈರ್ ಕಂಪನಿಯೋರು ಬಾಕ್ಸ್ ಒಳಗೆ ಎಲೆಕ್ಟ್ರಿಷಿಯನ್‌ಗೆ ಅಂತ ಕೂಪನ್ ಇಡ್ತಾರೆ, ಸ್ಕ್ಯಾನ್ ಮಾಡಿದ್ರೆ ಪಾಯಿಂಟು, ಪಾಯಿಂಟಿಗೆ ಉಡುಗೊರೆ. ಅಂಗಡಿಯೋರ ಕಮಿಷನ್ ಬೇರೆ. ರೆಪ್ ಆಗಿದ್ದಾಗ ಇಂಥದ್ದನ್ನೆಲ್ಲ ಸಾಕಷ್ಟು ನೋಡಿದ್ದೆ, ಈ ಕೆಲಸಕ್ಕೆ ಅದು ಅಂಟೋದು ನನಗೆ ಬೇಡ ಅನ್ನಿಸ್ತು. ಯಾವ ಸೈಜು ಬೇಕು ಅಂತ ಚೀಟಿ ಬರೆದು ಕೊಡ್ತೀನಿ, ಲೈಟಿಗೆ ಒಂದೂವರೆ, ಪವರ್ ಪ್ಲಗ್ಗಿಗೆ ಎರಡೂವರೆ, ಗೀಸರು ಎಸಿಗೆ ನಾಲ್ಕು ಚದರ ಮಿಲಿಮೀಟರು, ಐಎಸ್‌ಐ ಗುರುತು ನೋಡಿ ಬಿಲ್ ಹಾಕಿಸಿ ನೀವೇ ತನ್ನಿ ಅಂತೀನಿ. ಕೂಪನ್ ಬಂದ್ರೆ ಮನೆಯೋರ ಕೈಗೇ ಕೊಡ್ತೀನಿ. ಇದರಿಂದ ಒಂದೆರಡು ಅಂಗಡಿಯೋರಿಗೆ ನನ್ನ ಮೇಲೆ ಬೇಜಾರಿದೆ, ಇರಲಿ. ಹಾಗೆ ಮಾಡಿದ ಮನೆಯಿಂದಲೇ ಮುಂದಿನ ಮನೆಯ ಫೋನ್ ಬರ್ತಾ ಇದೆ.

2023ರ ಆಗಸ್ಟಲ್ಲಿ ಗೃಹಜ್ಯೋತಿ ಬಂದ ಮೇಲೆ ನಾನು ಹೋಗೋ ಮನೆಗಳಲ್ಲಿ ಇಂಡಕ್ಷನ್ ಸ್ಟೌ, ಬಕೆಟ್ಟಿಗೆ ಹಾಕೋ ಕಾಯಿಲ್ ಹೆಚ್ಚು ಕಾಣ್ತಿವೆ. ಬಿಲ್ಲಿನ ಭಯ ಕಡಿಮೆ ಆಗಿದ್ದು ಒಳ್ಳೇದೇ, ಹೆಂಗಸರಿಗೆ ಹೊಗೆ ತಪ್ತು. ಆದ್ರೆ ವೈರ್ ಅದೇ ಮೂವತ್ತು ನಲವತ್ತು ವರ್ಷದ ಹಿಂದಿನ ಬ್ಯಾಟನ್ ವೈರಿಂಗು, ಲೈಟು ಫ್ಯಾನಿಗೆ ಅಂತ ಹಾಕಿದ್ದು. ಎರಡು ಕಿಲೋವ್ಯಾಟಿನ ಸ್ಟೌ ಒಂಬತ್ತು ಆಂಪಿಯರ್ ಹತ್ರ ಎಳೆಯುತ್ತೆ, ಸಾಕೆಟ್ಟು ಮುಟ್ಟಿದ್ರೆ ಬಿಸಿ. ಅಡುಗೆಮನೆಗೆ ಬೇರೇನೇ ಲೈನ್ ಎಳೆಸ್ಕೊಳ್ಳಿ, ಅಷ್ಟು ಮಾಡಿಸ್ಕೊಂಡ್ರೆ ಸಾಕು.

ನಾನು ಮುಂಚೆ ಬ್ಯಾಗ್ ಹಿಡ್ಕೊಂಡು ಗಂಟೆಗಟ್ಲೆ ಕಾಯ್ತಿದ್ದ ಒಂದು ಕ್ಲಿನಿಕ್ಕಿಗೆ ಹೋದ ವರ್ಷ ವೈರಿಂಗ್ ಮಾಡೋಕೆ ಹೋದೆ. ಡಾಕ್ಟರ್ ಸಾಹೇಬ್ರು ಗುರುತು ಹಿಡಿದು, ಕೂರಿಸಿ ಕಾಫಿ ತರಿಸಿದ್ರು. ಇಸಿಜಿ ಮೆಷಿನ್ನಿಗೆ ಅರ್ಥಿಂಗ್ ಸರಿ ಇಲ್ಲ, ಗೆರೆ ದಪ್ಪಗೆ ಅದುರುತ್ತೆ ಅಂತ ಅವರೇ ತೋರಿಸಿದ್ರು. ಡಿಬಿ, ಅಂದ್ರೆ ಎಂಸಿಬಿಗಳೆಲ್ಲ ಇರೋ ಡಬ್ಬ, ಅದರ ಹತ್ರ ಅರ್ಥ್ ವೈರು ಸಡಿಲ ಆಗಿತ್ತು, ಬಿಗಿದೆ, ಗೆರೆ ತೆಳ್ಳಗಾಯ್ತು. ಇಬ್ಬರೂ ಆ ಕಾಗದ ನೋಡ್ತಾ ನಿಂತಿದ್ವಿ. ಅಷ್ಟು ವರ್ಷ ಆ ರೂಮಿಗೆ ಹೋಗಿ ಬಂದಿದ್ದೀನಿ, ಅವತ್ತಿನಷ್ಟು ಸಂತೋಷ ನನಗೆ ಅಲ್ಲಿ ಯಾವತ್ತೂ ಆಗಿರಲಿಲ್ಲ. ಅವರೇ ನನಗೆ ಸಿಪಿಆರ್ ಸರಿಯಾಗಿ ಮಾಡೋದು ತೋರಿಸಿಕೊಟ್ಟಿದ್ದು, ಎದೆ ನಡುವೆ ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಬೇಕು. ಶಾಕ್ ಹೊಡೆದೋರನ್ನ ಮುಟ್ಟೋ ಮುಂಚೆ ಮೇನ್ ಆಫ್ ಮಾಡಿ, 108ಕ್ಕೆ ಫೋನ್ ಮಾಡಿಸಿ, ಉಸಿರಾಟ ಇಲ್ಲ ಅಂದ್ರೆ ಒತ್ತೋಕೆ ಶುರು ಮಾಡಿ. ನಮ್ಮ ಕೆಲಸದ ಹುಡುಗರಿಗೆ ದಿಂಬಿನ ಮೇಲೆ ಇದನ್ನ ಕಲಿಸ್ತಾ ಇದ್ದೀನಿ.

ವೈರ್‌ಮನ್ ಪರ್ಮಿಟ್ ಕೈಗೆ ಬಂದಿದೆ, ಗುತ್ತಿಗೆದಾರ ಲೈಸೆನ್ಸ್ ಇನ್ನೂ ಇಲ್ಲ. ಹೊಸ ಮನೆಯ ಕನೆಕ್ಷನ್ ಪೇಪರಿಗೆ ಲೈಸೆನ್ಸ್ ಇರೋರ ಸಹಿ ಬೇಕು, ಅದಕ್ಕೆ ಈಗಲೂ ಹಳೇ ಗುತ್ತಿಗೆದಾರರ ಹತ್ರಾನೇ ಹೋಗ್ತೀನಿ, ಅವರು ಬಂದು ನೋಡಿ ಮೆಗ್ಗರ್ ಹಾಕಿಸಿ ಆಮೇಲೆ ಸಹಿ ಹಾಕ್ತಾರೆ, ನೋಡದೇ ಹಾಕಲ್ಲ. ಹಾಗೇ ಇರಬೇಕು ಕೂಡ.

ಇದನ್ನ ಇಲ್ಲಿ ತನಕ ಓದಿದೋರು ಮನೆಯ ಡಿಬಿ ಬಾಗಿಲು ತೆಗೆದು ಒಂದು ಸಲ ನೋಡಿ. ಟಿ ಅಂತ ಬರೆದಿರೋ ಚಿಕ್ಕ ಬಟನ್ ಇರೋ ಸ್ವಿಚ್ ಇದ್ರೆ ಅದೇ ಆರ್‌ಸಿಸಿಬಿ, ಮೇಲೆ 30 ಮಿಲಿ ಆಂಪಿಯರ್ ಅಂತ ಇದೆಯಾ ನೋಡಿ, ಕಂಪ್ಯೂಟರ್ ಗಿಂಪ್ಯೂಟರ್ ಆಫ್ ಮಾಡಿ ಆ ಬಟನ್ ಒತ್ತಿ. ತಕ್ಷಣ ಬೀಳಬೇಕು. ಬೀಳಲಿಲ್ಲ ಅಂದ್ರೆ, ಅಥವಾ ಅದು ಇಲ್ಲವೇ ಇಲ್ಲ ಅಂದ್ರೆ, ನಿಮ್ಮೂರಿನ ಎಲೆಕ್ಟ್ರಿಷಿಯನ್‌ಗೆ ಈ ವಾರದಲ್ಲೇ ಫೋನ್ ಮಾಡಿ.